ರೈಡಿಂಗ್ ಮೋವರ್‌ನ ಹೈಡ್ರೋಸ್ಟ್ಯಾಟಿಕ್‌ಗೆ ಯಾವ ಆಯಿಲ್?

ಅಮೆರಿಕದ ಊರಾಚೆಯ ಬಡಾವಣೆಗಳಲ್ಲಿ ಅರ್ಧ ಎಕರೆ, ಒಂದು ಎಕರೆ ಜಾಗದ ಮನೆ ಮಾಡಿಕೊಂಡವರಿಗೆ ಏಪ್ರಿಲ್ ಬಂತೆಂದರೆ ಹುಲ್ಲಿನ ಕೆಲಸ ಶುರು. ಮೇ, ಜೂನ್‌ನಲ್ಲಿ ಮಳೆ, ಬಿಸಿಲು ಎರಡೂ ಕೂಡಿದಾಗ ವಾರಕ್ಕೊಮ್ಮೆ ಕತ್ತರಿಸದೆ ಗತಿಯಿಲ್ಲ. ಇಷ್ಟು ಜಾಗಕ್ಕೆ ತಳ್ಳುವ ಯಂತ್ರ ಸಾಲದು, ಕುಳಿತು ಓಡಿಸುವ ರೈಡಿಂಗ್ ಮೋವರ್ ಬೇಕು. ನ್ಯೂಜೆರ್ಸಿ, ಜಾರ್ಜಿಯಾ, ಟೆಕ್ಸಾಸ್‌ಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಗ್ಯಾರೇಜುಗಳಿಗೂ ಈ ಯಂತ್ರ ಬಂದಿದೆ. ಎಂಜಿನ್ ಆಯಿಲನ್ನು ವರ್ಷಕ್ಕೊಮ್ಮೆ ಬದಲಿಸಬೇಕೆಂಬುದು ಎಲ್ಲರಿಗೂ ಗೊತ್ತು. ಆದರೆ ಸೀಟಿನ ಕೆಳಗೆ, ಹಿಂದಿನ ಎರಡು ಚಕ್ರಗಳ ನಡುವೆ, ಇನ್ನೊಂದು ಪೆಟ್ಟಿಗೆಯಲ್ಲಿ ಇನ್ನೊಂದು ಆಯಿಲ್ ಇದೆ. ಅದನ್ನು ವರ್ಷಗಟ್ಟಲೆ ಯಾರೂ ಕೇಳುವುದಿಲ್ಲ.

ಕೇಳುವ ದಿನ ಹೀಗೆ ಬರುತ್ತದೆ: ಯಂತ್ರ ತಣ್ಣಗಿದ್ದಾಗ ಚೆನ್ನಾಗಿಯೇ ಓಡುತ್ತದೆ. ಅರ್ಧ ಗಂಟೆ ಕೆಲಸವಾದ ಮೇಲೆ ಏರು ಹತ್ತಲು ತೆವಳುತ್ತದೆ. ಪೆಡಲ್ ಪೂರ್ತಿ ಒತ್ತಿದರೂ ವೇಗ ಬಾರದು. ಎಂಜಿನ್ ಮಾತ್ರ ಎಂದಿನ ಹಾಗೇ ಸದ್ದು ಮಾಡುತ್ತಿರುತ್ತದೆ. ಆಗ ಅಂಗಡಿಗೆ ಓಡಿದರೆ ಕಪಾಟಿನ ತುಂಬ ಡಬ್ಬಿಗಳು: ಹೈಡ್ರಾಲಿಕ್ ಆಯಿಲ್, ಟ್ರ್ಯಾಕ್ಟರ್ ಆಯಿಲ್, ಗೇರ್ ಆಯಿಲ್, ಎಂಜಿನ್ ಆಯಿಲ್, ಕಾರಿನ ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ ಆಯಿಲ್. ಹೆಸರು ನೋಡಿ ಆರಿಸಿದರೆ ತಪ್ಪುವ ಸಂಭವವೇ ಹೆಚ್ಚು. ಸರಿಯಾಗಿ ಆರಿಸುವ ದಾರಿ ಕಷ್ಟದ್ದೇನಲ್ಲ; ಎಲ್ಲಿಂದ ಶುರು ಮಾಡಬೇಕೆಂದು ತಿಳಿದಿರಬೇಕು, ಅಷ್ಟೇ.

ಆಯಿಲ್ ಮಾಡುವ ಕೆಲಸ

ಸೀಟಿನ ಕೆಳಗಿನ ಆ ಪೆಟ್ಟಿಗೆಯೇ ಹೈಡ್ರೋಸ್ಟ್ಯಾಟಿಕ್ ಟ್ರಾನ್ಸ್‌ಮಿಷನ್. ಇದರಲ್ಲಿ ಕ್ಲಚ್ ಇಲ್ಲ, ಒಂದು ಎರಡು ಮೂರು ಎಂದು ಬದಲಿಸುವ ಗೇರುಗಳಿಲ್ಲ. ಎಂಜಿನ್‌ನಿಂದ ಬರುವ ಬೆಲ್ಟು ಒಂದು ಪಂಪನ್ನು ತಿರುಗಿಸುತ್ತದೆ. ಆ ಪಂಪಿನೊಳಗೆ ಸುತ್ತಲೂ ಜೋಡಿಸಿದ ಪುಟ್ಟ ಪಿಸ್ಟನ್‌ಗಳಿವೆ. ಅವು ಓರೆಯಾಗಿ ನಿಂತ ಒಂದು ತಟ್ಟೆಗೆ ಒರಗಿಕೊಂಡು ತಿರುಗುತ್ತವೆ. ನೀವು ಪೆಡಲ್ ಒತ್ತಿದಾಗ ತಟ್ಟೆಯ ಓರೆ ಹೆಚ್ಚುತ್ತದೆ, ಪಿಸ್ಟನ್‌ಗಳ ಓಟ ಉದ್ದವಾಗುತ್ತದೆ, ಹೆಚ್ಚು ಆಯಿಲ್ ಒತ್ತಡದಲ್ಲಿ ಹೊರಡುತ್ತದೆ. ಆ ಆಯಿಲ್ ಪಕ್ಕದ ಹೈಡ್ರಾಲಿಕ್ ಮೋಟರನ್ನು ತಿರುಗಿಸುತ್ತದೆ, ಮೋಟರು ಗೇರುಗಳ ಮೂಲಕ ಚಕ್ರವನ್ನು ತಿರುಗಿಸುತ್ತದೆ. ತಟ್ಟೆ ನೇರ ನಿಂತರೆ ಗಾಡಿ ನಿಲ್ಲುತ್ತದೆ, ಆಚೆ ಕಡೆಗೆ ಓರೆಯಾದರೆ ಹಿಂದಕ್ಕೆ ಹೋಗುತ್ತದೆ. ಗಂಗಾವತಿ, ಸಿಂಧನೂರಿನ ಗದ್ದೆಗಳಲ್ಲಿ ರಬ್ಬರ್ ಪಟ್ಟಿಯ ಮೇಲೆ ಓಡುವ ಭತ್ತ ಕಟಾವು ಯಂತ್ರಗಳನ್ನು ಮುಂದಕ್ಕೂ ಹಿಂದಕ್ಕೂ ನಡೆಸುವುದು ಇದೇ ತತ್ತ್ವ, ಗಾತ್ರ ಮಾತ್ರ ದೊಡ್ಡದು.

ಸೈಕಲ್ಲಿಗೆ ಚೈನು ಹೇಗೋ ಈ ಪೆಟ್ಟಿಗೆಗೆ ಆಯಿಲ್ ಹಾಗೆ. ಎಂಜಿನ್ನಿನ ಶಕ್ತಿ ಚಕ್ರಕ್ಕೆ ತಲುಪುವುದೇ ಅದರ ಮೂಲಕ. ಜೊತೆಗೆ ಅದೇ ಆಯಿಲ್ ಗೇರುಗಳಿಗೆ, ಬೇರಿಂಗುಗಳಿಗೆ ಜಾರಿಕೆ ಕೊಡಬೇಕು, ಶಾಖವನ್ನು ಹೊತ್ತು ಹೊರಗೋಡೆಗೆ ಮುಟ್ಟಿಸಬೇಕು. ಹಲವು ಮಾದರಿಗಳಲ್ಲಿ ಬ್ರೇಕಿನ ತಟ್ಟೆಗಳೂ ಆಯಿಲಿನಲ್ಲೇ ಮುಳುಗಿರುತ್ತವೆ.

ಪಿಸ್ಟನ್ನಿಗೂ ಅದರ ಕೊಳವೆಗೂ ನಡುವಿನ ಸಂದು ಮಿಲಿಮೀಟರಿನ ನೂರನೇ ಭಾಗದ ಲೆಕ್ಕದ್ದು. ಆ ಸಂದಿನಲ್ಲಿ ರಬ್ಬರ್ ಸೀಲ್ ಇಲ್ಲ. ಸೀಲಿನ ಕೆಲಸವನ್ನೂ ಆಯಿಲಿನ ಮಂದತನವೇ ಮಾಡಬೇಕು. ಕಾದು ನೀರಾದ ಆಯಿಲ್ ಆ ಸಂದಿನಿಂದ ಒಳಗೊಳಗೇ ಹಿಂದಕ್ಕೆ ಸೋರುತ್ತದೆ. ಹೊರಗೆ ಒಂದು ಹನಿಯೂ ಕಾಣದು, ಆದರೆ ಮೋಟರಿಗೆ ತಲುಪಬೇಕಾದ ಒತ್ತಡ ತಲುಪುವುದಿಲ್ಲ. ತಣ್ಣಗಿದ್ದಾಗ ಏರು ಹತ್ತಿದ ಗಾಡಿ ಬಿಸಿಯಾದ ಮೇಲೆ ಸೋಲುವುದಕ್ಕೆ ಮುಖ್ಯ ಕಾರಣ ಇದು. ಆದ್ದರಿಂದ ಆಯಿಲ್ ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ: ಬಿಸಿಯಾದಾಗ ಇದು ಎಷ್ಟು ಮಂದ ಉಳಿಯುತ್ತದೆ?

ಮೋವರ್‌ನ ಹೆಸರು ಬಿಡಿ, ಪೆಟ್ಟಿಗೆಯ ಹೆಸರು ಹುಡುಕಿ

ಬಾನೆಟ್ ಮೇಲೆ ಜಾನ್ ಡಿಯರ್, ಹಸ್ಕ್‌ವಾರ್ನಾ, ಕ್ರಾಫ್ಟ್ಸ್‌ಮನ್, ಕಬ್ ಕೆಡೆಟ್ ಎಂದು ಏನೇ ಇರಲಿ, ಮನೆಬಳಕೆಯ ಮೋವರ್‌ಗಳಲ್ಲಿ ಹೈಡ್ರೋಸ್ಟ್ಯಾಟಿಕ್ ಪೆಟ್ಟಿಗೆಯನ್ನು ಸಾಮಾನ್ಯವಾಗಿ ಬೇರೆಯವರು ಮಾಡಿಕೊಡುತ್ತಾರೆ. ಅದರಲ್ಲಿ ಎರಡು ಹೆಸರು ದೊಡ್ಡವು. ಒಂದು, ಟೆನೆಸಿ ರಾಜ್ಯದ ಮಾರಿಸ್‌ಟೌನ್‌ನಲ್ಲಿರುವ ಟಫ್ ಟಾರ್ಕ್; ಇದು ಜಪಾನಿನ ಯಾನ್ಮಾರ್ ಬಳಗದ್ದು. ಇನ್ನೊಂದು, ಇಲಿನಾಯ್ ರಾಜ್ಯದ ಸಲಿವನ್‌ನಲ್ಲಿರುವ ಹೈಡ್ರೋ-ಗೇರ್. ಹಳೆಯ ಗಾಡಿಗಳಲ್ಲಿ ಈಟನ್, ಸಂಡ್‌ಸ್ಟ್ರಾಂಡ್ ಪೆಟ್ಟಿಗೆಗಳೂ ಸಿಗುತ್ತವೆ.

ಒಂದೇ ಬಣ್ಣದ, ಒಂದೇ ಬ್ರ್ಯಾಂಡಿನ ಎರಡು ಮೋವರ್‌ಗಳಲ್ಲಿ ಬೇರೆ ಬೇರೆ ಪೆಟ್ಟಿಗೆ ಇರಬಹುದು. ಬೇರೆ ಬೇರೆ ಬ್ರ್ಯಾಂಡಿನ ಎರಡರಲ್ಲಿ ಒಂದೇ ಪೆಟ್ಟಿಗೆ ಇರಬಹುದು. ಪಕ್ಕದ ಮನೆಯವರು ತಮ್ಮದಕ್ಕೆ ಹಾಕಿದ ಆಯಿಲ್ ನಿಮ್ಮದಕ್ಕೆ ಸರಿ ಎನ್ನಲು ಬಾನೆಟ್ಟಿನ ಹೆಸರು ಸಾಕ್ಷಿಯಾಗದು.

ಹಾಗಾಗಿ ಟಾರ್ಚ್ ಹಿಡಿದು ಹಿಂದಿನ ಚಕ್ರಗಳ ನಡುವೆ ಬಗ್ಗಿ ನೋಡಿ. ಒಣ ಹುಲ್ಲು, ಧೂಳನ್ನು ಬ್ರಷ್ಷಿನಿಂದ ಒರೆಸಿದರೆ ಪೆಟ್ಟಿಗೆಯ ಮೈಮೇಲೆ ತಗಡೋ ಸ್ಟಿಕ್ಕರೋ ಕಾಣುತ್ತದೆ. ಅದರ ಮೇಲೆ ತಯಾರಕರ ಹೆಸರು, ಮಾದರಿ, ಕ್ರಮಸಂಖ್ಯೆ ಇರುತ್ತವೆ. ಕೆ46 ಎಂದಿದ್ದರೆ ಅದು ಟಫ್ ಟಾರ್ಕ್‌ನದು. ಮನೆಬಳಕೆಯ ಗಾಡಿಗಳಲ್ಲಿ ಬಹಳ ವ್ಯಾಪಕವಾಗಿರುವ ಪೆಟ್ಟಿಗೆ. ಝಡ್‌ಟಿ ಎಂದು ಶುರುವಾದರೆ ಸ್ಟೀರಿಂಗ್ ಬದಲು ಎರಡು ಸನ್ನೆಗಳಿರುವ ಝೀರೋ-ಟರ್ನ್ ಗಾಡಿಯ ಹೈಡ್ರೋ-ಗೇರ್ ಪೆಟ್ಟಿಗೆ ಇರಬಹುದು. ತಗಡನ್ನು ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ಮುಂದಿನದೆಲ್ಲ ಆ ಫೋಟೊ ಹೇಳಿದಂತೆ.

ಡಬ್ಬಿಯ ಅಂಕಿ ಓದುವ ಬಗೆ

ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಬೈಕು ಇಟ್ಟುಕೊಂಡಿದ್ದವರಿಗೆ 10ಡಬ್ಲ್ಯೂ-30, 20ಡಬ್ಲ್ಯೂ-50 ಹೊಸ ಅಂಕಿಗಳಲ್ಲ. ಡಬ್ಲ್ಯೂ ಜೊತೆಗಿನ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದಕ್ಕೆ. ಅದು ಚಿಕ್ಕದಾದಷ್ಟೂ ಚಳಿಗೆ ಒಳ್ಳೆಯದು. ಎರಡನೆಯ ಅಂಕಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉಳಿಯುವ ಮಂದತನಕ್ಕೆ. ಇದನ್ನು ಸೆಂಟಿಸ್ಟೋಕ್ ಎಂಬ ಅಳತೆಯಲ್ಲಿ ಹೇಳುತ್ತಾರೆ. 30ರ ದರ್ಜೆಗೆ 100 ಡಿಗ್ರಿಯಲ್ಲಿ 9.3ರಿಂದ 12.5 ಸೆಂಟಿಸ್ಟೋಕ್, 50ರ ದರ್ಜೆಗೆ 16.3ರಿಂದ 21.9.

ಇದರ ಪಕ್ಕದಲ್ಲಿ ಉಳಿದವನ್ನು ಇಟ್ಟು ನೋಡಿ. ಸಾಮಾನ್ಯ ಹೈಡ್ರಾಲಿಕ್ ಆಯಿಲ್ ಐಎಸ್‌ಒ 46 ಎಂದರೆ 40 ಡಿಗ್ರಿಯಲ್ಲಿ 46 ಸೆಂಟಿಸ್ಟೋಕ್. 100 ಡಿಗ್ರಿಗೆ ಅದು 7ರ ಆಸುಪಾಸಿಗೆ ಇಳಿಯುತ್ತದೆ. ಕಾರಿನ ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ ಆಯಿಲ್ ಕೂಡ ಸುಮಾರು ಅಷ್ಟೇ, ಈಗಿನ ಡೆಕ್ಸ್‌ರಾನ್ 6 ಇನ್ನೂ ತೆಳು. ಎಂದರೆ 20ಡಬ್ಲ್ಯೂ-50 ಬೇಕಾದ ಪೆಟ್ಟಿಗೆಗೆ ‘ಹೈಡ್ರೋಸ್ಟ್ಯಾಟಿಕ್ ಅಲ್ಲವೇ, ಹೈಡ್ರಾಲಿಕ್ ಆಯಿಲ್ ಹಾಕೋಣ’ ಎಂದು ಹೊರಟರೆ ಬಿಸಿಯಲ್ಲಿ ಬೇಕಾದ ಮಂದತನದ ಅರ್ಧಕ್ಕಿಂತ ಕಡಿಮೆ ಸಿಗುತ್ತದೆ. ಹೆಸರಿನ ಹೋಲಿಕೆ ನಂಬಿ ಹೋದವರ ಪಂಪು ಬೇಗ ಸವೆಯುತ್ತದೆ.

ಗೇರ್ ಆಯಿಲಿನ ಅಂಕಿ ಮತ್ತೊಂದು ಬಗೆಯ ಮೋಸ. 80ಡಬ್ಲ್ಯೂ-90ರ 90 ಬೇರೆಯೇ ಅಳತೆಗೋಲಿನದು. ಮಂದತನದಲ್ಲಿ ಅದು ಎಂಜಿನ್ ಆಯಿಲಿನ 40, 50ರ ಹತ್ತಿರವೇ ಇರುತ್ತದೆ. ಆದರೆ ಅದರಲ್ಲಿ ಭಾರೀ ಒತ್ತಡ ತಾಳಲೆಂದು ಸೇರಿಸುವ ಗಂಧಕದ ಸಂಯುಕ್ತಗಳು ಹಿತ್ತಾಳೆ, ಕಂಚಿನ ಭಾಗಗಳನ್ನು ತಿನ್ನಬಲ್ಲವು. ತಯಾರಕರೇ ಹೇಳದ ಹೊರತು ಅದನ್ನು ಹೈಡ್ರೋಸ್ಟ್ಯಾಟಿಕ್ ಪೆಟ್ಟಿಗೆಗೆ ಹಾಕಬಾರದು.

ಯಾವ ಪೆಟ್ಟಿಗೆಗೆ ಯಾವುದು?

*ಹೈಡ್ರೋ-ಗೇರ್:* ಇವರ ಬಹುಪಾಲು ಪೆಟ್ಟಿಗೆಗಳಿಗೆ ಕಾರ್ಖಾನೆಯಲ್ಲೇ ತುಂಬುವುದು 20ಡಬ್ಲ್ಯೂ-50 ಎಂಜಿನ್ ಆಯಿಲ್. ಕೈಪಿಡಿ ಕೇಳುವ ಕನಿಷ್ಠ ಗುಣ ಎರಡು: 110 ಡಿಗ್ರಿ ಸೆಲ್ಸಿಯಸ್‌ನಲ್ಲಿ 9 ಸೆಂಟಿಸ್ಟೋಕ್ ಉಳಿಯಬೇಕು, ಎಂಜಿನ್ ಆಯಿಲಿನ ಗುಣಮಟ್ಟ ಹೇಳುವ ಎಪಿಐ ದರ್ಜೆ ಎಸ್‌ಎಲ್ ಇರಬೇಕು. 10ಡಬ್ಲ್ಯೂ-30 ಆಯಿಲ್ ಸಾಮಾನ್ಯವಾಗಿ 100 ಡಿಗ್ರಿಯಲ್ಲೇ ಹತ್ತರ ಆಸುಪಾಸಿನಲ್ಲಿರುವುದರಿಂದ 110ಕ್ಕೆ ಈ ಗೆರೆಯ ಕೆಳಗೆ ಜಾರುವ ಅಪಾಯವಿದೆ. 20ಡಬ್ಲ್ಯೂ-50 ನಿರಾತಂಕವಾಗಿ ದಾಟುತ್ತದೆ. ಝಡ್‌ಟಿ ಮಾದರಿಗಳಿಗೆ 15ಡಬ್ಲ್ಯೂ-50 ಸಿಂಥೆಟಿಕ್ ಕೂಡ ಒಪ್ಪುತ್ತದೆ.

*ಟಫ್ ಟಾರ್ಕ್:* ಕೆ46ಕ್ಕೆ ಬಹುಕಾಲ ಹೇಳುತ್ತಿದ್ದುದು 10ಡಬ್ಲ್ಯೂ-30 ಎಂಜಿನ್ ಆಯಿಲ್. ಈಗ ಕಂಪನಿ ತನ್ನದೇ ಟಫ್ ಟೆಕ್ ಹೆಸರಿನ 5ಡಬ್ಲ್ಯೂ-50 ಸಿಂಥೆಟಿಕ್ ಅನ್ನು ಶಿಫಾರಸು ಮಾಡುತ್ತದೆ. ಚಳಿಯಲ್ಲಿ ಹೆಚ್ಚು ಸಲೀಸು, ಬಿಸಿಯಲ್ಲಿ ಹೆಚ್ಚು ಮಂದ: ಆ ಬದಲಾವಣೆಯ ತರ್ಕ ಅಂಕಿಯಲ್ಲೇ ಇದೆ. ಇಳಿಜಾರಿನ ಜಾಗದವರು, ಬಿಸಿ ಪ್ರದೇಶದವರು 5ಡಬ್ಲ್ಯೂ-50 ಆರಿಸುವುದು ಒಳ್ಳೆಯದು.

*ದೊಡ್ಡ ಗಾರ್ಡನ್ ಟ್ರ್ಯಾಕ್ಟರುಗಳು:* ಜಾನ್ ಡಿಯರ್ ಎಕ್ಸ್700 ಸರಣಿ, ಕುಬೋಟಾ ಬಿಎಕ್ಸ್ ಮುಂತಾದವು ಟ್ರ್ಯಾಕ್ಟರಿನ ಕುಲಕ್ಕೆ ಸೇರಿದವು. ಇಲ್ಲಿ ಗೇರು, ಹೈಡ್ರಾಲಿಕ್ಸ್, ಆಯಿಲಿನಲ್ಲಿ ಮುಳುಗಿದ ಬ್ರೇಕು ಎಲ್ಲಕ್ಕೂ ಒಂದೇ ಟ್ರ್ಯಾಕ್ಟರ್ ಆಯಿಲ್. ಎಕ್ಸ್700ಕ್ಕೆ ಲೋ ವಿಸ್ಕಾಸಿಟಿ ಹೈ-ಗಾರ್ಡ್, ಕುಬೋಟಾ ಬಿಎಕ್ಸ್‌ಗೆ ಸೂಪರ್ ಯುಡಿಟಿ2. ಇವಕ್ಕೆ ಎಂಜಿನ್ ಆಯಿಲ್ ಹಾಕಬಾರದು. ಮುಳುಗಿದ ಬ್ರೇಕಿಗೆ ಬೇಕಾದ ಹಿಡಿತದ ಗುಣವನ್ನು ಟ್ರ್ಯಾಕ್ಟರ್ ಆಯಿಲಿಗೆ ಬೇರೆಯಾಗಿಯೇ ಹೊಂದಿಸಿರುತ್ತಾರೆ.

*ಹಳೆಯ ಗಾಡಿಗಳು:* 1960, 70ರ ದಶಕದ ವೀಲ್ ಹಾರ್ಸ್, ಕಬ್ ಕೆಡೆಟ್ ಗಾಡಿಗಳನ್ನು ಇಂದಿಗೂ ಓಡಿಸುವವರಿದ್ದಾರೆ. ಹಳೆಯ ಕಬ್ ಕೆಡೆಟ್‌ಗಳ ಸಂಡ್‌ಸ್ಟ್ರಾಂಡ್ ಪೆಟ್ಟಿಗೆಗೆ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ರೂಪಿಸಿದ್ದ ಹೈ-ಟ್ರಾನ್ ಸೂಕ್ತ. ವೀಲ್ ಹಾರ್ಸ್‌ಗಳಲ್ಲಿ ಕೆಲವಕ್ಕೆ ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ ಆಯಿಲ್, ಕೆಲವಕ್ಕೆ ಎಂಜಿನ್ ಆಯಿಲ್. ಎರಡನ್ನೂ ಬೆರೆಸಬಾರದು. ಒಳಗೆ ಯಾವುದಿದೆ ಎಂಬ ಅನುಮಾನವಿದ್ದರೆ ಪೂರ್ತಿ ಬಸಿದು, ಕೈಪಿಡಿ ಹೇಳಿದ್ದನ್ನೇ ತುಂಬಿ.

ಎಂಜಿನ್ ಆಯಿಲ್ ಕೊಳ್ಳುವಾಗ ಇನ್ನೊಂದು ಸೂಕ್ಷ್ಮವಿದೆ. ಸವೆತ ತಡೆಯಲು ಆಯಿಲಿಗೆ ಸತು ಮತ್ತು ರಂಜಕದ ಸಂಯುಕ್ತ ಸೇರಿಸುತ್ತಾರೆ. ಕಾರುಗಳ ಹೊಗೆ ಶುದ್ಧೀಕರಿಸುವ ಕನ್ವರ್ಟರ್ ಕೆಡಬಾರದೆಂದು ಎಪಿಐನ ಈಚಿನ ದರ್ಜೆಗಳಲ್ಲಿ, 10ಡಬ್ಲ್ಯೂ-30 ಮತ್ತು ಅದಕ್ಕಿಂತ ತೆಳುವಾದ ಆಯಿಲುಗಳಿಗೆ ರಂಜಕ ಶೇ 0.08 ಮೀರದಂತೆ ಮಿತಿ ಹಾಕಲಾಗಿದೆ. 20ಡಬ್ಲ್ಯೂ-50ಕ್ಕೆ ಈ ಮಿತಿಯಿಲ್ಲ. ಉಜ್ಜಿಕೊಂಡೇ ಬದುಕುವ ಪಿಸ್ಟನ್‌ಗಳಿಗೆ ಇದು ಲಾಭ.

303: ಬರೀ ಅಂಕಿ ನಂಬಿದರೆ

ಅಮೆರಿಕದ ಕೃಷಿ ಅಂಗಡಿಗಳಲ್ಲಿ 303 ಎಂದು ಬರೆದ ಅಗ್ಗದ ಟ್ರ್ಯಾಕ್ಟರ್ ಆಯಿಲಿನ ಹಳದಿ ಬಕೆಟ್ಟುಗಳು ಬಹಳ ವರ್ಷ ಮಾರಾಟವಾದವು. 303 ಎಂಬುದು ಮೂಲತಃ ಜಾನ್ ಡಿಯರ್ ಕಂಪನಿಯ ಹಳೆಯ ಆಯಿಲ್ ನಮೂನೆ. ಅದರಲ್ಲಿ ಸ್ಪರ್ಮ್ ತಿಮಿಂಗಿಲದ ಎಣ್ಣೆ ಒಂದು ಮುಖ್ಯ ಅಂಶವಾಗಿತ್ತು. 1970ರ ದಶಕದಲ್ಲಿ ಅಮೆರಿಕ ಆ ತಿಮಿಂಗಿಲದ ಉತ್ಪನ್ನಗಳಿಗೆ ತಡೆ ಹಾಕಿತು. ಕಂಪನಿ 303 ಕೈಬಿಟ್ಟು ಹೊಸ ನಮೂನೆಗಳಿಗೆ ಹೋಯಿತು. ಇಂದಿನ ಹೈ-ಗಾರ್ಡ್‌ನ ಜೆ20ಸಿ, ಜೆ20ಡಿ ಆ ಸಾಲಿನವು.

303ಕ್ಕೆ ಆಮೇಲೆ ಹೊಣೆ ಹೊರುವವರೇ ಇರಲಿಲ್ಲ. ಪರೀಕ್ಷಿಸಲು ನಿಯಮವಿಲ್ಲ, ಒಳಗೆ ಏನಿರಬೇಕೆಂದು ಹೇಳುವವರಿಲ್ಲ. ಹಾಗಿದ್ದೂ ಬಕೆಟ್ಟಿನ ಮೇಲೆ ಅಂಕಿ ಉಳಿಯಿತು. ಕೊಂಡವರು ಅದನ್ನು ಭರವಸೆಯೆಂದು ಓದಿಕೊಂಡರು. ಮಿಸೌರಿ ರಾಜ್ಯದ ಕೃಷಿ ಇಲಾಖೆ ಇಂಥ ಆಯಿಲುಗಳನ್ನು ಪರೀಕ್ಷಿಸಿ 2017ರಲ್ಲಿ ಅವುಗಳ ಮಾರಾಟಕ್ಕೆ ತಡೆ ಹಾಕಿತು. ಟ್ರ್ಯಾಕ್ಟರು ಹಾಳಾದ ರೈತರು ನ್ಯಾಯಾಲಯಕ್ಕೆ ಹೋದರು.

ಮನೆಯ ಮೋವರ್‌ಗೂ ಇದರಿಂದ ಕಲಿಯುವುದಿದೆ. ಡಬ್ಬಿಯ ಹಿಂಬದಿ ಓದಿ. ಇಂದು ಚಾಲ್ತಿಯಲ್ಲಿರುವ ನಮೂನೆಯ ಹೆಸರು, ಎಪಿಐ ದರ್ಜೆ, ಸ್ಪಷ್ಟ ಅಂಕಿ ಇರಬೇಕು. ‘ಎಲ್ಲ ಟ್ರ್ಯಾಕ್ಟರುಗಳಿಗೂ ಸೂಕ್ತ’ ಎಂಬ ಸಾಲಷ್ಟೇ ಇದ್ದರೆ ಕಪಾಟಿನಲ್ಲೇ ಬಿಡಿ. ಎರಡು ಲೀಟರ್ ಆಯಿಲಿನಲ್ಲಿ ಉಳಿಸುವ ನಾಲ್ಕು ಕಾಸಿಗೆ ಇಡೀ ಪೆಟ್ಟಿಗೆಯನ್ನು ಒತ್ತೆ ಇಡಬೇಡಿ.

ನಿಮ್ಮ ಹವೆ, ನಿಮ್ಮ ನೆಲ

ಟೆಕ್ಸಾಸ್‌ನ ಜುಲೈ, ಪೆನ್ಸಿಲ್ವೇನಿಯಾದ ಇಳಿಜಾರು, ಮಿನೆಸೋಟದ ಹಿಮ ಮೂರೂ ಒಂದೇ ಪೆಟ್ಟಿಗೆಯಿಂದ ಬೇರೆ ಬೇರೆ ಕೆಲಸ ಕೇಳುತ್ತವೆ. ಸಮತಟ್ಟು ಜಾಗದಲ್ಲಿ ವಾರಕ್ಕೆ ಒಂದು ಗಂಟೆ ಓಡುವ ಗಾಡಿಗೆ ಕೈಪಿಡಿಯ ಸಾದಾ ಮಿನರಲ್ ಆಯಿಲ್ ಸಾಕು. ಬಿಸಿಲು, ಏರು ಎರಡೂ ಇದ್ದಲ್ಲಿ ಕೈಪಿಡಿ ಒಪ್ಪುವ ಸಿಂಥೆಟಿಕ್‌ಗೆ ಹೆಚ್ಚು ಕೊಟ್ಟದ್ದು ವ್ಯರ್ಥವಾಗದು. ಚಳಿಗಾಲದಲ್ಲಿ ಅದೇ ಗಾಡಿಗೆ ಹಿಮ ತಳ್ಳುವ ಬ್ಲೇಡು ಕಟ್ಟುವವರಿಗೆ 20ಡಬ್ಲ್ಯೂ ಮಿನರಲ್ ಆಯಿಲ್ ಮುಂಜಾನೆ ಗಟ್ಟಿ ಅನ್ನಿಸುತ್ತದೆ. ಅಲ್ಲಿ 15ಡಬ್ಲ್ಯೂ-50 ಅಥವಾ 5ಡಬ್ಲ್ಯೂ-50 ಸಿಂಥೆಟಿಕ್ ಉತ್ತಮ. ಯಾವುದೇ ಇರಲಿ, ಚಳಿಯಲ್ಲಿ ಎಂಜಿನ್ ಐದು ನಿಮಿಷ ಓಡಿದ ಮೇಲೆಯೇ ಪೆಡಲ್ ಒತ್ತಿ.

ಆಯಿಲ್ ಎಷ್ಟೇ ಒಳ್ಳೆಯದಾದರೂ ತಂಪು ಮಾಡುವ ದಾರಿ ಮುಚ್ಚಿದ್ದರೆ ಉಪಯೋಗವಿಲ್ಲ. ಪೆಟ್ಟಿಗೆಯ ಮೇಲೆ ಪುಟ್ಟ ಪ್ಲಾಸ್ಟಿಕ್ ಫ್ಯಾನ್ ಇರುತ್ತದೆ. ಅದರ ಸುತ್ತ, ಕೆಳಗಿನ ಲೋಹದ ಅಂಚುಗಳ ನಡುವೆ ಕತ್ತರಿಸಿದ ಹುಲ್ಲು ತುಂಬಿಕೊಂಡರೆ ಶಾಖ ಒಳಗೇ ಉಳಿಯುತ್ತದೆ. ತಿಂಗಳಿಗೊಮ್ಮೆ ಗಾಳಿಯಿಂದ ಊದಿ ತೆಗೆಯಿರಿ. ಫ್ಯಾನಿನ ರೆಕ್ಕೆ ಮುರಿದಿದ್ದರೆ ಬದಲಿಸಿ. ಕೆ46 ದರ್ಜೆಯ ಪೆಟ್ಟಿಗೆ ಹುಲ್ಲು ಕತ್ತರಿಸಲು ಮಾಡಿದ್ದು. ಅದರಿಂದ ನೆಲ ಉಳುಮೆ ಮಾಡಿಸಬೇಡಿ, ಮಣ್ಣು ತುಂಬಿದ ಟ್ರೈಲರ್ ಏರಿಗೆ ಎಳೆಸಬೇಡಿ.

ಬದಲಿಸುವ ಕ್ರಮ

ಫಿಲ್ಟರ್ ಇರುವ ಹೈಡ್ರೋ-ಗೇರ್ ಝಡ್‌ಟಿ ಮಾದರಿಗಳಲ್ಲಿ ಮೊದಲ ಬದಲಾವಣೆ 75ರಿಂದ 100 ಗಂಟೆಗಳ ನಡುವೆ, ಆಮೇಲೆ 400 ಗಂಟೆಗೊಮ್ಮೆ. ಮೊದಲನೆಯದನ್ನು ತಪ್ಪಿಸಬೇಡಿ. ಹೊಸ ಗೇರುಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಉದುರುವ ಲೋಹದ ಪುಡಿ ಆ ಅವಧಿಯಲ್ಲೇ ಹೆಚ್ಚು.

ಕೆ46ದಂಥ ಪೆಟ್ಟಿಗೆಗಳನ್ನು ‘ಜೀವಮಾನಕ್ಕೆ ಮುಚ್ಚಿದ್ದು’ ಎಂದು ಮಾರುತ್ತಾರೆ. ಹಲವದರಲ್ಲಿ ಬಸಿಯುವ ಬೋಲ್ಟೇ ಇಲ್ಲ. ಪೆಟ್ಟಿಗೆಯನ್ನು ಗಾಡಿಯಿಂದ ಬಿಚ್ಚಿ, ಮಗುಚಿ, ತುಂಬುವ ಬಾಯಿಂದಲೇ ಬಸಿಯಬೇಕು. ಒಂದು ಇಡೀ ದಿನದ ಕೆಲಸ, ಆದರೆ ಕೈಪಳಗಿದವರಿಗೆ ಅಸಾಧ್ಯವಲ್ಲ. ವಾರಂಟಿ ಮುಗಿಯದ ಗಾಡಿಯಾದರೆ ಮೊದಲು ಡೀಲರನ್ನು ಕೇಳಿ.

1. ಸ್ಪಾರ್ಕ್ ಪ್ಲಗ್ಗಿನ ವೈರು ತೆಗೆಯಿರಿ. ಮುಂದಿನ ಚಕ್ರಗಳಿಗೆ ಅಡ್ಡ ಕೊಡಿ. ಹಿಂಭಾಗವನ್ನು ಜ್ಯಾಕಿನಿಂದ ಎತ್ತಿ ಸ್ಟ್ಯಾಂಡುಗಳ ಮೇಲೆ ಕೂರಿಸಿ. ಬರೀ ಜ್ಯಾಕನ್ನು ನಂಬಿ ಕೆಳಗೆ ಕೈ ಹಾಕಬೇಡಿ.

2. ತುಂಬುವ ಬಾಯಿಯ ಸುತ್ತ ಚೆನ್ನಾಗಿ ಒರೆಸಿ. ಒಂದು ಚಿಟಿಕೆ ಮಣ್ಣು ಒಳಗೆ ಬಿದ್ದರೂ ಪಿಸ್ಟನ್ನಿನ ಸಂದಿನಲ್ಲಿ ಗೀರು ಬೀಳುತ್ತದೆ.

3. ಹಳೆಯದನ್ನು ಪೂರ್ತಿ ಬಸಿಯಿರಿ. ಮಗುಚಿದ ಪೆಟ್ಟಿಗೆಯನ್ನು ರಾತ್ರಿಯಿಡೀ ಬಿಟ್ಟರೆ ಒಳ್ಳೆಯದು. ಫಿಲ್ಟರ್ ಇದ್ದರೆ ಹೊಸದು ಹಾಕಿ.

4. ಕೆ46ಕ್ಕೆ ಸುಮಾರು ಎರಡು ಲೀಟರ್ ಹಿಡಿಯುತ್ತದೆ. ಅಮೆರಿಕದ ಒಂದು ಕ್ವಾರ್ಟ್ ಒಂದು ಲೀಟರಿಗಿಂತ ತುಸು ಕಡಿಮೆ, ಆದ್ದರಿಂದ ಮೂರು ಕ್ವಾರ್ಟ್ ತಂದಿಟ್ಟುಕೊಳ್ಳಿ. ತಣ್ಣಗಿರುವಾಗ ಕೈಪಿಡಿ ಹೇಳಿದ ಮಟ್ಟಕ್ಕೆ ತುಂಬಿ. ಬಿಸಿಯಾದಾಗ ಹಿಗ್ಗಲು ಜಾಗ ಬೇಕು, ಕಂಠಮಟ್ಟ ತುಂಬಬೇಡಿ.

5. ಒಳಗಿನ ಗಾಳಿ ಹೊರಗೆ ಕಳಿಸಿ. ಅನೇಕರು ಬಿಟ್ಟುಬಿಡುವ ಹೆಜ್ಜೆ ಇದೇ. ಪೆಟ್ಟಿಗೆ, ಬೆಲ್ಟು, ಪ್ಲಗ್ಗಿನ ವೈರು ಎಲ್ಲ ಮತ್ತೆ ಜೋಡಿಸಿ. ಚಕ್ರಗಳು ನೆಲ ಮುಟ್ಟದಂತಿರಲಿ, ಗ್ಯಾರೇಜಿನ ಬಾಗಿಲು ತೆರೆದಿರಲಿ. ಗಾಡಿಯನ್ನು ತಳ್ಳಿಕೊಂಡು ಹೋಗಲು ಬಳಸುವ ಬೈಪಾಸ್ ಸನ್ನೆಯನ್ನು ತೆರೆದು, ಎಂಜಿನ್ ಓಡಿಸಿ, ಪೆಡಲನ್ನು ನಿಧಾನವಾಗಿ ಮುಂದಕ್ಕೂ ಹಿಂದಕ್ಕೂ ಐದಾರು ಸಲ ಒತ್ತಿ. ಎಂಜಿನ್ ನಿಲ್ಲಿಸಿ ಬೈಪಾಸ್ ಮುಚ್ಚಿ, ಎಂಜಿನ್ ಮತ್ತೆ ಓಡಿಸಿ ಐದಾರು ಸಲ ಹಾಗೆಯೇ ಒತ್ತಿ. ಮಟ್ಟ ನೋಡಿ, ಇಳಿದಿದ್ದರೆ ತುಂಬಿ. ಚಕ್ರ ಸಲೀಸಾಗಿ, ಕೊರೆಯುವ ಸದ್ದಿಲ್ಲದೆ ತಿರುಗುವವರೆಗೆ ಮತ್ತೆ ಮಾಡಿ.

ಬಸಿದ ಆಯಿಲನ್ನು ಚರಂಡಿಗೆ, ಹಿತ್ತಲಿಗೆ ಸುರಿಯಬೇಡಿ. ಒಂದು ಗ್ಯಾಲನ್ ಬಳಸಿದ ಆಯಿಲ್ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸುತ್ತದೆ. ಕಾರಿನ ಬಿಡಿಭಾಗ ಮಾರುವ ದೊಡ್ಡ ಅಂಗಡಿಗಳಲ್ಲಿ ಹಲವು ಅದನ್ನು ಹಣವಿಲ್ಲದೆ ತೆಗೆದುಕೊಳ್ಳುತ್ತವೆ.

ಬಸಿದ ಆಯಿಲ್ ನೋಡಿ ತಿಳಿಯುವುದು

ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ: ಗಾಡಿ ಮಳೆಯಲ್ಲಿ ನಿಂತಿದೆ, ಇಲ್ಲವೇ ಜೋರಾದ ನೀರಿನಿಂದ ತೊಳೆದಾಗ ಸೀಲ್ ದಾಟಿದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಅತಿಯಾಗಿ ಕಾದಿದೆ. ಬಿಸಿಲಿಗೆ ಹಿಡಿದಾಗ ಸಣ್ಣಗೆ ಮಿನುಗಿದರೆ ಲೋಹದ ಪುಡಿ. ಮೊದಲ ಬದಲಾವಣೆಯಲ್ಲಿ ತುಸು ಕಂಡರೆ ಭಯವಿಲ್ಲ; ಹಳೆಯ ಪೆಟ್ಟಿಗೆಯಲ್ಲಿ ಚೂರುಗಳೇ ಸಿಕ್ಕರೆ ಒಳಗಿನ ಭಾಗ ಒಡೆದಿದೆ ಎಂದರ್ಥ. ನೊರೆ, ಕೊರೆಯುವ ಸದ್ದು ಎರಡೂ ಇದ್ದರೆ ಗಾಳಿ ಸೇರಿದೆ ಅಥವಾ ಮಟ್ಟ ಇಳಿದಿದೆ.

ಹೊಸ ಆಯಿಲ್ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದೂ ಸ್ಪಷ್ಟವಿರಲಿ. ಆಯಿಲ್ ಹಳತಾಗಿ ತೆಳುವಾದದ್ದೇ ದೋಷವಾಗಿದ್ದರೆ, ಬದಲಿಸಿದ ದಿನವೇ ಏರು ಹತ್ತುವ ಬಲ ಮರಳುತ್ತದೆ. ಪಿಸ್ಟನ್, ಕೊಳವೆಗಳೇ ಸವೆದಿದ್ದರೆ ಹೆಚ್ಚು ಮಂದವಾದ ಆಯಿಲ್ ಒಂದೆರಡು ಬೇಸಿಗೆ ತಳ್ಳಿಸಬಹುದು, ಸವೆದ ಲೋಹವನ್ನು ತುಂಬಿಕೊಡಲಾರದು. ಬದಲಿಸಿದ ಮೇಲೂ ಬಿಸಿಯಲ್ಲಿ ಸೋಲುತ್ತಿದ್ದರೆ ಇನ್ನೂ ದುಬಾರಿ ಡಬ್ಬಿಗಳನ್ನು ಹುಡುಕಬೇಡಿ. ಮೊದಲು ಬೆಲ್ಟು ಸಡಿಲವಿದೆಯೇ, ಬೈಪಾಸ್ ಪೂರ್ತಿ ಮುಚ್ಚಿದೆಯೇ ನೋಡಿ. ಎರಡೂ ಸರಿಯಿದ್ದರೆ ಆ ಹಣವನ್ನು ದುರಸ್ತಿಗೋ ಹೊಸ ಪೆಟ್ಟಿಗೆಗೋ ಕೂಡಿಡಿ.

ಕೆಲಸ ಮುಗಿದ ಮೇಲೆ ಒಂದು ಚೀಟಿಯಲ್ಲಿ ಪೆಟ್ಟಿಗೆಯ ಮಾದರಿ, ಹಾಕಿದ ಆಯಿಲಿನ ಹೆಸರು ಮತ್ತು ದರ್ಜೆ, ಆ ದಿನ ಗಂಟೆಯ ಮೀಟರ್ ತೋರಿಸಿದ ಅಂಕಿ ಬರೆದು ಸೀಟಿನ ಅಡಿಗೆ ಅಂಟಿಸಿ. ಮುಂದಿನ ಸಲ ಡಬ್ಬಿ ಕೊಳ್ಳುವಾಗ ನೀವಾಗಲಿ, ನಿಮ್ಮಿಂದ ಗಾಡಿ ಕೊಂಡವರಾಗಲಿ ಊಹಿಸಬೇಕಾದ ಪ್ರಮೇಯ ಬಾರದು.